ಮೂಗಮ್ಮ ಹುಂಜ ಆರಿಸಿದ್ದು

ಮೂಗಮ್ಮನ ಹುಂಜವನ್ನು ಬೀದಿನಾಯಿಗಳು ಹಿಡಿದದ್ದು ಹಾಡಹಗಲಲ್ಲಿ. ಅವಳ ಹೆಣ್ಣುಕೋಳಿಗಳು, ಹ್ಯಾಟೆಗಳೆಲ್ಲ, ಹಿತ್ತಲ ನುಗ್ಗೆಮರದ ಬುಡದಲ್ಲಿ ಮಣ್ಣು ಕೆದಕುತ್ತಿದ್ದವು. ಮೂಗಮ್ಮ ಹಿಂಬಾಗಿಲ ಮೆಟ್ಟಿಲ ಮೇಲೆ ಕೂತು ಕಡಲೆಕಾಯಿ ಬಿಡಿಸುತ್ತಿದ್ದಳು. ಹುಂಜ ಇದ್ದಕ್ಕಿದ್ದಂತೆ ಕಿರುಚಿಕೊಂಡಿತು. ಹ್ಯಾಟೆಗಳು ದಿಕ್ಕಾಪಾಲಾಗಿ ಹಾರಿ ಬಂದು ಅವಳ ಮಡಿಲಿಗೂ ಭುಜಕ್ಕೂ ಬಡಿದವು. ಹುಂಜ ಮಾತ್ರ ಬರಲಿಲ್ಲ. ಅದು ನಾಯಿಗಳ ಎದುರಿಗೇ ನುಗ್ಗಿತ್ತು. ಮೂಗಮ್ಮ ಕೈಗೆ ಸಿಕ್ಕ ಮೊರವನ್ನು ಸದ್ದು ಬಂದ ಕಡೆಗೆ ಬೀಸಿ ಎಸೆದಳು, ಕೂಗಿಕೊಂಡಳು. ಕೊಟ್ಟಿಗೆಯಲ್ಲಿದ್ದ ಸೊಸೆ ಹೇಮಶ್ರೀ ಓಡಿಬರುವ ಹೊತ್ತಿಗೆ ಅಲ್ಲಿ ಉಳಿದದ್ದು ಒಂದಷ್ಟು ಪುಕ್ಕ.

"ಎತ್ಕೊಂಡ್ ಓಗ್ಬುಟ್ವು ಕಣತ್ತೆ. ನೀವು ನೋಡ್ದೆ ಇದ್ದುದ್ದೇ ವಾಸಿ," ಎಂದಳು ಹೇಮಶ್ರೀ. ಅಂದ ಮೇಲೆ ತಾನು ಏನಂದೆ ಎಂದು ಹೊಳೆದು ನಾಲಿಗೆ ಕಚ್ಚಿಕೊಂಡಳು. ಮೂಗಮ್ಮನಿಗೆ ಕಣ್ಣು ಕಾಣುತ್ತಿರಲಿಲ್ಲ.

ಹುಟ್ಟಾ ಕುರುಡಿಯಲ್ಲ ಅವಳು. ಮಗ ದೇವರಾಜುವಿನ ಮದುವೆಯಲ್ಲಿ ಸೊಸೆಯ ಮುಖವನ್ನು ಚೆನ್ನಾಗಿಯೇ ನೋಡಿದ್ದಳು. ಆಮೇಲೆ ಬಾಗಿಲ ಚೌಕಟ್ಟು ಭುಜಕ್ಕೆ ತಾಗಲು ಶುರುವಾಯಿತು, ಪಕ್ಕದಲ್ಲಿ ಬಂದು ನಿಂತವರು ತಿಳಿಯದಾದರು. ಕಣ್ಣಿನೊಳಗಿನ ಒತ್ತಡಕ್ಕೆ ನರ ಸೊರಗಿದೆ, ಹೋದ ಬೆಳಕು ತಿರುಗಿ ಬರುವುದಿಲ್ಲ ಎಂದು ಮೈಸೂರಿನ ಡಾಕ್ಟರು ಹೇಳಿದರು. ನಾಲ್ಕು ಕಡೆಯಿಂದ ಬಾಗಿಲು ಮುಚ್ಚುತ್ತ ಬಂದಂತೆ ಅವಳ ನೋಟ ಕಿರಿದಾಗುತ್ತ ಹೋಗಿ ಕೊನೆಗೆ ಆರಿತು.

ಗಂಡ ತಿಮ್ಮರಾಜು ಅವಳ ಸೋದರಮಾವನೇ. ಮದುವೆಗೆ ಮುಂಚೆ 'ಮಾವ' ಎನ್ನುತ್ತಿದ್ದಳು, ಈಗಲೂ ಹಾಗೇ ಕರೆಯುತ್ತಿದ್ದಳು. ಅವನು ಸರ್ಕಾರಿ ಬಸ್ಸಿನ ಡ್ರೈವರಾಗಿದ್ದವನು. ಇವತ್ತು ಈ ಊರಲ್ಲಿ ಹಾಲ್ಟು, ನಾಳೆ ಆ ಊರಲ್ಲಿ. ಮೊದಲ ಟ್ರಿಪ್ಪು ಅಂದರೆ ಊರು ಏಳುವುದಕ್ಕೆ ಮುಂಚೆ ಸ್ಟಿಯರಿಂಗ್ ಹಿಡಿಯಬೇಕು. ಮಗ ಹುಟ್ಟಿದ ಬೆಳಿಗ್ಗೆಯೂ ಅವನು ಪಾಂಡವಪುರದ ಹತ್ತಿರ ಎಲ್ಲೋ ಬಸ್ಸು ಓಡಿಸುತ್ತಿದ್ದ. ನಿವೃತ್ತನಾಗಿ ಹೊಣಕೆರೆ ಹತ್ತಿರದ ತನ್ನ ಊರಿಗೆ ಬಂದು ಕೂತಾಗ ಹೆಂಡತಿಯ ಕಣ್ಣು ಹೆಚ್ಚುಕಡಿಮೆ ಹೋಗಿತ್ತು.

ಕಣ್ಣು ಹೋದ ಮೇಲೆ ಮನೆಯವರು ಪ್ರೀತಿಯಿಂದಲೇ ಅವಳ ಕೈಯಿಂದ ಕೆಲಸಗಳನ್ನು ಒಂದೊಂದಾಗಿ ಕಿತ್ತುಕೊಂಡರು. ಒಲೆ ಹತ್ತಿರ ಬರಬೇಡಿ, ನೀರು ಸೇದಬೇಡಿ, ನೀವು ಸುಮ್ಮನೆ ಕೂತ್ಕೊಳಿ. ಸುಮ್ಮನೆ ಕೂರುವುದು ಮೂಗಮ್ಮನಿಗೆ ಬಾರದ ವಿದ್ಯೆ. ಒಂದು ದಿನ ಯಾರೋ ನೆಂಟರು ತಂದುಕೊಟ್ಟ ನಾಟಿಕೋಳಿಯನ್ನು ಸಾರಿಗೆ ಕೊಯ್ಯಲು ಹೊರಟಾಗ, "ಅದು ನಂಗಿರ್ಲಿ, ಬುಡಿ," ಎಂದು ಮಡಿಲಲ್ಲಿಟ್ಟುಕೊಂಡು ಬಿಟ್ಟಳು. ಅಲ್ಲಿಂದ ಶುರುವಾಯಿತು ಅವಳ ಕೋಳಿಸಂಸಾರ. ಬಣ್ಣ ಕಾಣದ ಅವಳು ಹ್ಯಾಟೆಗಳಿಗೆ ದನಿ, ಹೆಜ್ಜೆ ಕೇಳಿ ಹೆಸರಿಟ್ಟಳು. ಸದಾ ಏನೋ ಬೈದುಕೊಳ್ಳುವುದು ಗೊಣಗಿ. ಹೆಜ್ಜೆ ನೆಲಕ್ಕೆ ಊರದೆ ಓಡುವುದು ಓಡುಗಾಲಿ. ಎಲ್ಲಕ್ಕಿಂತ ಮೊದಲು ಕಾಳಿಗೆ ಬಾಯಿ ಹಾಕಿ ಉಳಿದವನ್ನು ಕುಕ್ಕುವುದು ಪಟ್ಟದಮ್ಮ. ಕಾವಿಗೆ ಕೂರಿಸುವುದು, ಮರಿ ಎಬ್ಬಿಸುವುದು, ಸಂಜೆಗೆ ಎಲ್ಲವೂ ಗೂಡು ಸೇರಿದವೇ ಎಂದು ಕೈಯಾಡಿಸಿ ನೋಡುವುದು, ಎಲ್ಲ ಅವಳದೇ. ಆ ಕೆಲಸಕ್ಕೆ ಮಾತ್ರ ಯಾರೂ ಅಡ್ಡ ಬರಲಿಲ್ಲ.

ಹುಂಜ ಹೋದ ಮೇಲೆ ಗೊಣಗಿ ಕಾವಿಗೆ ಕೂತಿತು. ಹುಂಜವಿಲ್ಲದೆ ಇಟ್ಟ ಮೊಟ್ಟೆ ಎಷ್ಟು ಕಾವು ಕೊಟ್ಟರೂ ಬರಡು. ಗೊಣಗಿಗೆ ಅದು ಗೊತ್ತೇ? ಮೂಗಮ್ಮ ಅದರ ಹೊಟ್ಟೆಯಡಿ ಕೈಯಿಟ್ಟು ಮೊಟ್ಟೆ ತೆಗೆದಾಗ ಅದು ಕುಕ್ಕಲಿಲ್ಲ, ಗೊಣಗಿತು ಅಷ್ಟೆ. ಅವತ್ತು ಊಟಕ್ಕೆ ಕೂತಾಗ ಅವಳು, "ಒಂದು ಹುಂಜ ನೋಡ್ಬೇಕು," ಎಂದಳು.

"ಅದಕ್ಯಾಕವ್ವ ಯೋಚ್ನೆ, ನಮ್ ಅಶೋಕನ ಫಾರಮ್ಮಲ್ಲಿ ಬೇಕಾದಷ್ಟವೆ," ಎಂದ ದೇವರಾಜು, ಮಾರನೇ ದಿನವೇ ಗೆಳೆಯನ ಕೋಳಿಫಾರಂನಿಂದ ಒಂದು ಹುಂಜ ತಂದು ಅವ್ವನ ಮಡಿಲಿಗೆ ಹಾಕಿದ. ಅದರ ಭಾರಕ್ಕೆ ಮೂಗಮ್ಮನ ತೊಡೆ ಜಗ್ಗಿತು. ಎದೆ ಮುಟ್ಟಿದಳು, ಹಲಗೆಯಂತಿತ್ತು. ಕಾಲು ಹಿಡಿದಳು, ಕೈಗೆ ತುಂಬ ಸಿಕ್ಕಿತು.

"ಚೆನ್ನಾಗದೆ ಮಗ. ಇಷ್ಟು ದಪ್ಪಂದು ಮೇಲತ್ತುದ್ರೆ ನನ್ ಯಾಟೆಗಳ ಬೆನ್ನು ಉಳಿಯಕ್ಕಿಲ್ಲ. ವಾಪಸ್ ಕೊಟ್ಬುಡು, ಅಶೋಕಂಗೆ ಬೇಜಾರಾಗ್ದಂಗೆ ಏಳು."

ಆಮೇಲೆ ತಿಮ್ಮರಾಜುವೇ ಮುಂದಾಗಿ ಅವಳನ್ನು ನಾಗಮಂಗಲದ ಸಂತೆಗೆ ಕರೆದುಕೊಂಡು ಹೋದ. ಕೋಳಿ ಮಾರುವವರ ಸಾಲಿಗೆ ಬಂದಾಗ ಮೂಗಮ್ಮನಿಗೆ ಮೊದಲು ತಿಳಿದದ್ದು ಸದ್ದಿಲ್ಲದಿರುವುದು. ಕಾಲು ಕಟ್ಟಿ ತಲೆಕೆಳಗು ಮಾಡಿ ಹಿಡಿದ ಕೋಳಿ ಮಾತಾಡುವುದಿಲ್ಲ. ಕುಳ್ಳಯ್ಯ ಎಂಬ ವ್ಯಾಪಾರಿಗೆ, "ಕಟ್ ಬಿಚ್ಚಪ್ಪ, ಒಂದ್ಗಳಿಗೆ ನೆಲದ ಮ್ಯಾಲೆ ಬುಡು," ಎಂದಳು.

"ಬುಟ್ರೆ ಓಡೋಯ್ತದೆ ಕಣಜ್ಜಿ, ಇಡ್ಕೊಡೋಕೆ ನೀನು ಬತ್ತೀಯಾ?" ಕುಳ್ಳಯ್ಯ ನಕ್ಕ. ಕೆಟ್ಟ ಮನುಷ್ಯನೇನಲ್ಲ, ಒಂದು ಹುಂಜವನ್ನು ಅವಳ ಕೈಗೆ ಕೊಟ್ಟ. ಮೂಗಮ್ಮ ಅದರ ಎದೆಗೆ ಕಿವಿಯಿಟ್ಟಳು. ಒಳಗೆ ಒಣಗಿದ ಎಲೆ ಉಜ್ಜಿದಂತೆ ಉಸಿರು ಗೊರಗೊರ ಎನ್ನುತ್ತಿತ್ತು. ತಿರುಗಿ ಕೊಟ್ಟಳು. ಇನ್ನೊಂದು ಕೊಟ್ಟ, ಅದರ ಎದೆಮೂಳೆ ಚಾಕುವಿನಂತೆ ಚುಚ್ಚಿತು. ಮತ್ತೊಂದು ಕೈಗೆ ಬರುವುದಕ್ಕೆ ಮುಂಚೆಯೇ ಕುಕ್ಕಿತು. ಬಿಸಿಲೇರಿತು. ಸಂತೆಯ ಜನ ತಳ್ಳಾಡಿದರು. ಬರಿಗೈಯಲ್ಲಿ ಬಸ್‌ಸ್ಟ್ಯಾಂಡಿನ ಪಕ್ಕದ ಟೀ ಅಂಗಡಿಯ ಬೆಂಚಿಗೆ ಬಂದು ಕೂತಾಗ ತಿಮ್ಮರಾಜುವಿನ ತಾಳ್ಮೆ ಮುಗಿದಿತ್ತು.

"ಅಲ್ಲ ಕಣಮ್ಮಿ, ನಮ್ ಹುಡ್ಗಂಗೆ ಎಣ್ಣು ನೋಡ್ವಾಗ್ಲೂ ಇಷ್ಟು ಕೊಸರಾಡ್ಲಿಲ್ಲ ನೀನು. ಒಂದು ಹುಂಜ ತಾನೆ? ಮರಿ ಆದ್ರಾಯ್ತು, ಆಗ್ದಿದ್ರೆ ಇಲ್ಲ. ಅದ್ಕೆ ಊರೂರು ತಿರುಗ್ಬೇಕಾ?"

ಮೂಗಮ್ಮ ಟೀ ಲೋಟವನ್ನು ಎರಡೂ ಕೈಯಲ್ಲಿ ಹಿಡಿದುಕೊಂಡಳು. ಆಮೇಲೆ ಮೆಲ್ಲಗೆ, "ಬರೀ ಮರಿಗಲ್ಲ ಮಾವ," ಎಂದಳು.

"ಮತ್ಯಾಕೆ?"

"ನಂಗೆ ಬೆಳಗಾಗೋದೇ ಗೊತ್ತಾಯ್ತಿಲ್ಲ."

ತಿಮ್ಮರಾಜು ಟೀ ಹೀರುವ ಸದ್ದು ನಿಂತಿತು.

"ಎಚ್ಚರಾಯ್ತದೆ. ಕಣ್ ಬುಟ್ರೂ ಅಷ್ಟೇ, ಮುಚ್ಕೊಂಡ್ರೂ ಅಷ್ಟೇ. ಈಗ ಏಳ್ಬೇಕಾ, ಇನ್ನೂ ರಾತ್ರಿನಾ, ಏನೂ ತಿಳಿಯಕ್ಕಿಲ್ಲ. ಮೊನ್ನೆ ಬೆಳಗಾಯ್ತೇನೋ ಅಂತ ಎದ್ದು ಕಸ ಗುಡ್ಸಕ್ಕೋದ್ರೆ ಏಮಶ್ರೀ ಎದುರ್ಕೊಂಡು ಎದ್ದು ಬಂತು. ಪಾಪ, ಅದುಕ್ಕೆ ಬೆಳಿಗ್ಗೆ ಹಾಲು ಕರೀಬೇಕು. ಅಲ್ಲಿಂದ ಸುಮ್ಕೆ ಮಲ್ಗಿರ್ತೀನಿ. ಆ ಹುಂಜ ಇದ್ದಾಗ ಇಂಗಿರ್ಲಿಲ್ಲ. ಕತ್ಲಲ್ಲಿ ಒಂದೆರಡ್ಸಲ ಕೂಗಿ ಸುಮ್ಕಾಗೋದು. ಆಮೇಲೆ ನುಗ್ಗೆಮರದಿಂದ ಇಳಿಯೋವಾಗ ಉದ್ದಕ್ಕೆ ಒಂದ್ಸಲ ಕೂಗೋದು ನೋಡು, ಆಗ ಬೆಳಕರೀತು ಅಂತ ಎದ್ದು ಕೂತ್ಕೊತಿದ್ದೆ."

"ಮಾತಾಡೋ ಫೋನ್ ತಂದ್ಕೊಟ್ಟದಲ್ಲ ಏಮಶ್ರೀ, ಟೈಮ್ ಏಳ್ತದೆ."

"ಏಳ್ತದೆ. ಬರೀ ಟೈಮ್ ಕಟ್ಕೊಂಡು ನಾನೇನು ಬಸ್ ಓಡಿಸ್ಬೇಕಾ?"

ಅವನಿಗೆ ನಗು ಬಂತು, ನಗಲು ಆಗಲಿಲ್ಲ. "ನನ್ನ ಎಬ್ಬಿಸ್ಬೋದಿತ್ತಲ್ಲ," ಎಂದ.

"ಅಷ್ಟೊರ್ಸ ನಿದ್ದೆಗೆಟ್ಟು ದುಡ್ದಿದ್ದೀಯೆ. ಎಂಗ್ ಎಬ್ಬಿಸ್ಲಿ?"

ತಿಮ್ಮರಾಜು ಖಾಲಿ ಲೋಟವನ್ನು ಬೆಂಚಿನ ಮೇಲಿಟ್ಟ. ಬಸ್ಸುಗಳು ಬಂದು ನಿಂತು ಹೋದವು. ಕೊನೆಗೆ, "ಇನ್ನೊಂದು ಟೀ ಕುಡೀತೀಯಾ?" ಎಂದು ಕೇಳಿದ. ಮೂಗಮ್ಮ ಹೂಂ ಎಂದಳು. ಟೀ ಬೇಕಿರಲಿಲ್ಲ, ಅವನಿಗೆ ಏನಾದರೂ ಕೊಡಿಸಬೇಕೆನಿಸಿದೆ ಎಂದು ಅವಳಿಗೆ ತಿಳಿದಿತ್ತು.

ಗೋವಿಂದನಹಳ್ಳಿಗೆ ಹೋಗೋಣ ಎಂದವನು ಅವನೇ. ಕೆ.ಆರ್.ಪೇಟೆ ಕಡೆಯ ಆ ಊರು ಮೂಗಮ್ಮನ ತವರು, ಅವನಿಗೆ ಅಕ್ಕನನ್ನು ಕೊಟ್ಟ ಊರು. ಅಕ್ಕ ಭಾವ ಈಗಿಲ್ಲ. ಆದರೆ ಮೂಗಮ್ಮನ ಬಾಲ್ಯದ ಗೆಳತಿ ಸಿದ್ದಲಿಂಗಮ್ಮ ಅದೇ ಊರಲ್ಲೇ ಮದುವೆಯಾಗಿ ಉಳಿದಿದ್ದಳು. ಅವಳ ಮನೆ ಪಂಚಲಿಂಗೇಶ್ವರನ ಗುಡಿಯ ಹಿಂಬದಿಗೆ. ಗುಡಿಯ ತಂಪು ಕಲ್ಲಿನ ಮೇಲೆ ಕುಂಟಾಬಿಲ್ಲೆ ಆಡಿ ಪೂಜಾರಪ್ಪನಿಂದ ಬೈಸಿಕೊಂಡ ಜೋಡಿ ಅದು.

ಸಿದ್ದಲಿಂಗಮ್ಮ ಗೆಳತಿಯ ಎರಡೂ ಕೆನ್ನೆ ಸವರಿ ಲಟಿಕೆ ಮುರಿದಳು. "ಹುಂಜ ತಾನೆ? ಎರಡವೆ ಕಣವ್ವ, ಒಂದೇ ಕಾವಿನಲ್ಲಿ ಎದ್ದವು. ಯಾವ್ದಾರಾ ತಕ್ಕೋ. ಕಾಸಿನ ಮಾತೆತ್ತುದ್ರೆ ಕೊಡಕ್ಕಿಲ್ಲ. ಅದ್ರ ಮರಿ ಎದ್ದ ಮ್ಯಾಲೆ ನಂಗೊಂದು ಯಾಟೆ ಮರಿ ತಂದ್ಕೊಡು."

ಮೂಗಮ್ಮ ಕೈಗೆ ಕೋಳಿ ಕೇಳಲಿಲ್ಲ. ಹಿತ್ತಲಲ್ಲಿ ಒಂದು ಮಣೆ ಹಾಕಿಸಿಕೊಂಡು ಕೂತಳು. ತಿಮ್ಮರಾಜು ಪಕ್ಕದಲ್ಲಿ ನಿಂತು ತನಗೆ ಕಂಡದ್ದನ್ನು ಹೇಳಿದ. ಒಂದು ಕೆಂಪು ಹುಂಜ, ಕೆಂಡದ ಬಣ್ಣ, ಬಾಲ ಕುಡುಗೋಲಿನ ಹಾಗೆ ಬಾಗಿದೆ, ಜುಟ್ಟು ನೆಟ್ಟಗೆ ನಿಂತಿದೆ. ಅದೇ ಹೊತ್ತಿಗೆ ಅದು ಗೋಡೆ ಹತ್ತಿ ಕೂಗಿತು. ಕಹಳೆ ಊದಿದಂತಿತ್ತು.

"ಕೇಳುಸ್ತಾ? ಇದೇ ಸರಿ ಕಣಮ್ಮಿ. ಇದು ಕೂಗುದ್ರೆ ನಿಂಗಲ್ಲ, ಇಡೀ ಊರಿಗೇ ಬೆಳಗಾಯ್ತದೆ."

"ಇನ್ನೊಂದು ಎಲ್ಲದೆ?"

"ಅದಾ? ಅಲ್ಲೆಲ್ಲೋ ಹುಲ್ಲಿನ ಮೆದೆ ಹಿಂದೆ ಇರ್ಬೇಕು," ಎಂದಳು ಸಿದ್ದಲಿಂಗಮ್ಮ. "ಕೆಂಪಂದು ಅದ್ನ ಹತ್ರಕ್ಕೆ ಸೇರುಸಕ್ಕಿಲ್ಲ."

ಮೂಗಮ್ಮ ಒಂದು ಹಿಡಿ ರಾಗಿ ಕೇಳಿ ತೆಗೆದುಕೊಂಡು ಮುಂದಕ್ಕೆ ಎರಚಿದಳು. ರೆಕ್ಕೆ ಬಡಿಯುತ್ತ ಕೆಂಪು ಹುಂಜ ಮೊದಲು ಬಂತು. ನೆಲಕ್ಕೆ ಕೊಕ್ಕು ಬೀಳುವ ಟಕಟಕ ಸದ್ದು ಬಿಟ್ಟರೆ ಅದರ ಗಂಟಲಿಂದ ಏನೂ ಬರಲಿಲ್ಲ. ಹತ್ತಿರ ಬಂದ ಹ್ಯಾಟೆಯೊಂದು ಕೀಕ್ ಎಂದು ಹಾರಿತು, ಕುಕ್ಕಿಸಿಕೊಂಡಿರಬೇಕು. ಅವಳು ಕಾದಳು. ಸಿದ್ದಲಿಂಗಮ್ಮ ಊರ ಸುದ್ದಿ ಹೇಳುತ್ತಲೇ ಇದ್ದಳು, ಮೂಗಮ್ಮ ಹೂಂ ಹೂಂ ಎನ್ನುತ್ತ ಕಿವಿಯನ್ನು ಬೇರೆ ಕಡೆ ಇಟ್ಟಿದ್ದಳು.

ಬಹಳ ಹೊತ್ತಾದ ಮೇಲೆ ಮೆದೆಯ ಹಿಂದಿನಿಂದ ಬಂತು ಆ ಸದ್ದು. ಕುಟ್ ಕುಟ್ ಕುಟ್, ಮೆತ್ತಗೆ, ಅವಸರವಾಗಿ, ತಾಯಿಕೋಳಿ ಮರಿಗಳನ್ನು ಕರೆದಂತೆ. ಹ್ಯಾಟೆಗಳ ಹೆಜ್ಜೆ ಆ ಕಡೆಗೆ ಓಡಿದವು.

"ಮಾವ, ಅಲ್ಲಿ ಯಾರು ಕರೀತಿರದು? ಓಗಿ ನೋಡು."

ತಿಮ್ಮರಾಜು ಮೆದೆ ಸುತ್ತಿ ಹೋಗಿ ನೋಡಿ ಬಂದ. "ಆ ಬಡಕಲು ಹುಂಜ ಕಣಮ್ಮಿ. ಹುಳ ಕೆದ್ರಿ ತೆಗ್ದು ಕೊಕ್ಕಲ್ಲಿ ಎತ್ತಿ ಎತ್ತಿ ಕೆಳಕ್ಕಾಕ್ತಾ ಅದೆ. ಯಾಟೆಗಳು ತಿಂತಾವೆ. ಅದು ಸುಮ್ಕೆ ನಿಂತು ನೋಡ್ತದೆ."

"ಅದ್ನ ಇಡ್ಕೊಡಿ," ಎಂದಳು ಮೂಗಮ್ಮ.

ಕೈಗೆ ಬಂದಾಗ ಅದರ ಎದೆ ಡವಡವ ಹೊಡೆದುಕೊಳ್ಳುತ್ತಿತ್ತು. ಬಾಲದ ಗರಿ ಅರ್ಧಕ್ಕರ್ಧ ಕಿತ್ತುಹೋಗಿತ್ತು, ಜುಟ್ಟಿನ ತುದಿ ಹರಿದಿತ್ತು. ಆದರೆ ಉಸಿರು ತಿಳಿಯಾಗಿತ್ತು, ಕಾಲಿನ ಹುರುಪೆ ನುಣ್ಣಗಿತ್ತು, ಬೆರಳು ನೆಟ್ಟಗಿದ್ದವು. ಅವಳು ಅಂಗೈಯಲ್ಲಿ ಅದರ ಕಣ್ಣು ಮುಚ್ಚಿ ಕುತ್ತಿಗೆ ಸವರಿದಳು. ಮೆಲ್ಲಗೆ ಅದು ಭಾರ ಬಿಟ್ಟು ಅವಳ ಮಡಿಲಿಗೆ ಕುಸಿಯಿತು.

"ಒಂದ್ ಮಾತು ಏಳ್ಬುಡ್ತೀನಿ ಕಣವ್ವ," ಎಂದಳು ಸಿದ್ದಲಿಂಗಮ್ಮ. "ಅದು ಕೂಗಿದ್ದು ನಾನಂತೂ ಕೇಳಿಲ್ಲ. ಕೆಂಪಂದ್ರ ಬಯುಕ್ಕೆ ಬಾಯೇ ಬಿಡಕ್ಕಿಲ್ಲ. ಮುಂದಕ್ಕೂ ಬಿಡ್ತದೋ ಇಲ್ವೋ ಗೊತ್ತಿಲ್ಲ."

ಹುಂಜದ ಕುತ್ತಿಗೆ ಸವರುತ್ತಿದ್ದ ಮೂಗಮ್ಮನ ಕೈ ನಿಂತಿತು. ತಿಮ್ಮರಾಜು ಅವಳ ಕಿವಿಯ ಹತ್ತಿರ ಬಗ್ಗಿದ. "ಕೂಗೋ ಹುಂಜಕ್ಕೆ ಅಂತ ಇಷ್ಟು ದೂರ ಬಂದು ಮೂಗ ಹುಂಜನ ತಕ್ಕೊಂಡೋಯ್ತೀಯಾ? ನಿಂಗೆ ಬೆಳಗಾಯ್ತು ಅಂತ ಯಾರು ಏಳ್ತಾರೆ?"

ಗೋಡೆಯ ಮೇಲೆ ಕೆಂಪು ಹುಂಜ ಮತ್ತೊಮ್ಮೆ ಕೂಗಿತು. ಎಂಥ ದನಿ! ಅದನ್ನು ಕೇಳುತ್ತ ಮೂಗಮ್ಮನಿಗೆ ಆಸೆಯಾಗದೆ ಇರಲಿಲ್ಲ. ಕಣ್ಣಿಲ್ಲದ ತನಗೆ ಒಂದೇ ಒಂದು ಕೂಗು ಬೇಕಾಗಿತ್ತು, ಅದು ಅಲ್ಲೇ ಕೈಗೆಟುಕುವಷ್ಟು ಹತ್ತಿರವಿತ್ತು. ಆದರೆ ಮನೆಯಲ್ಲಿ ಗೊಣಗಿ ಇತ್ತು, ಓಡುಗಾಲಿ ಇತ್ತು. ದಿನವೆಲ್ಲ ಹುಂಜದ ಜೊತೆ ಬಾಳುವವು ಅವು.

"ನೀನಿದ್ದೀಯಲ್ಲ ಮಾವ," ಎಂದಳು. "ನೀನೇ ಏಳು."

ತಿರುಗಿ ಬರುವಾಗ ಬಸ್ಸಿನಲ್ಲಿ ಒಂದು ತಮಾಷೆ ನಡೆಯಿತು. ವೈರು ಚೀಲದಿಂದ ತಲೆ ಹೊರಗೆ ಹಾಕಿ ಕೂತ ಹುಂಜವನ್ನು ಕಂಡಕ್ಟರ್ ಕೆಂಪಣ್ಣ ನೋಡಿದ. ತಿಮ್ಮರಾಜುವಿನ ಕೈಕೆಳಗೆ ಡ್ಯೂಟಿ ಕಲಿತವನು ಅವನು. "ಡ್ರೈವರಣ್ಣ, ನಿಂಗೂ ಅಕ್ಕಂಗೂ ಆಯ್ತು, ಈ ಸಾಹೇಬ್ರ ಟಿಕೆಟ್ಟು?" ಎಂದ.

"ಲೇ ಕೆಂಪ, ನನ್ನತ್ರನೇ ಕೇಳ್ತೀಯೇನ್ಲಾ?"

"ರೂಲ್ಸು ಕಲ್ಸಿದ್ದು ನೀನೇ ಕಣಣ್ಣ."

ಬಸ್ಸಿನವರೆಲ್ಲ ನಕ್ಕರು. ತಿಮ್ಮರಾಜು ಟಿಕೆಟ್ ತೆಗೆಸಿ ಅದನ್ನು ಮಡಿಚಿ ಹುಂಜದ ಚೀಲಕ್ಕೆ ಸಿಕ್ಕಿಸಿದ. "ಬಾಲ ಕಿತ್ತೋದ ಹುಂಜ ತಂದವ್ರೆ ಅಂತ ಊರೋರು ನಗ್ತಾರೆ ಅಷ್ಟೇ," ಎಂದು ಗೊಣಗಿದ. ಆದರೆ ದಾರಿಯುದ್ದಕ್ಕೂ ಗುಂಡಿ ಬರುವ ಕಡೆಯೆಲ್ಲ ಮುಂಚೆಯೇ ಚೀಲವನ್ನು ಎತ್ತಿ ಹಿಡಿದದ್ದು ಮೂಗಮ್ಮನಿಗೆ ತಿಳಿಯುತ್ತಿತ್ತು.

ಹೊಸ ಹುಂಜವನ್ನು ಒಮ್ಮೆಗೇ ಹಿಂಡಿಗೆ ಬಿಡಲಿಲ್ಲ. ಹಿತ್ತಲಲ್ಲೇ ದೊಡ್ಡ ಬಿದಿರಿನ ಮಂಕರಿ ಕವುಚಿ ಅದರೊಳಗಿಟ್ಟು, ಹ್ಯಾಟೆಗಳು ಸುತ್ತ ಓಡಾಡಿ ನೋಡಿ ರೂಢಿಯಾಗಲಿ ಎಂದು ಬಿಟ್ಟಳು. ಪಟ್ಟದಮ್ಮ ಮಂಕರಿಯ ಸಂದಿನಿಂದಲೇ ಕುಕ್ಕಲು ನೋಡಿತು. ಕೆಲವು ದಿನ ಕಳೆದು, ಒಂದು ಮುಸ್ಸಂಜೆ, ಹ್ಯಾಟೆಗಳು ಗೂಡಿನ ಅಡ್ಡಗೋಲಿನ ಮೇಲೆ ಕೂತು ತೂಕಡಿಸುವ ಹೊತ್ತಿಗೆ ಮೆಲ್ಲಗೆ ಅದನ್ನು ಗೊಣಗಿಯ ಪಕ್ಕಕ್ಕೆ ಕೂರಿಸಿದಳು. ಗೊಣಗಿ ಒಂದೆರಡು ಮಾತು ಬೈದು ಸರಿದು ಜಾಗ ಕೊಟ್ಟಿತು. ಮಾರನೇ ದಿನ ಪಟ್ಟದಮ್ಮ ಅದನ್ನು ಹಿತ್ತಲ ತುಂಬ ಅಟ್ಟಾಡಿಸಿತು. ಹುಂಜ ಓಡಿತೇ ಹೊರತು ತಿರುಗಿ ಕುಕ್ಕಲಿಲ್ಲ. ದೂರ ನಿಂತು ನೆಲ ಕೆದರಿ ಕುಟ್ ಕುಟ್ ಎಂದು ಕರೆಯಿತು. ಮೊದಲು ಓಡುಗಾಲಿ ಹೋಯಿತು. ಆಮೇಲೆ ಗೊಣಗಿ. ಕೊನೆಗೆ, ಯಾರೂ ನೋಡುತ್ತಿಲ್ಲವೆಂಬಂತೆ, ಪಟ್ಟದಮ್ಮ.

ಆದರೆ ಹುಂಜ ಕೂಗಲಿಲ್ಲ.

ತಿಮ್ಮರಾಜು ಕೊಟ್ಟ ಮಾತು ಉಳಿಸಿಕೊಂಡ. ಮೂಡಲಲ್ಲಿ ಬಿಳುಪು ಬರುವ ಹೊತ್ತಿಗೆ ಎದ್ದು ಹೊರಗೆ ಹೋಗಿ ನೋಡಿ ಬಂದು ಅವಳ ಕೈ ಮುಟ್ಟುತ್ತಿದ್ದ. "ಬೆಳಗಾಯ್ತು ಕಣಮ್ಮಿ." ಮೊದಮೊದಲು ಅಷ್ಟೇ. ಹೇಮಶ್ರೀ ಹಾಲಿನ ಕ್ಯಾನು ಹಿಡಿದು ಡೇರಿಗೆ ಹೋಗುವಾಗ ಅತ್ತೆ ಮಾವ ಇಬ್ಬರೂ ಜಗಲಿಯಲ್ಲಿ ಕೂತಿರುವುದು ಕಂಡು ಬೆರಗಾದಳು. ದಿನ ಕಳೆದಂತೆ ಅವನ ಮಾತು ಉದ್ದವಾಯಿತು. ಇವತ್ತು ಮಂಜು ಬಿದ್ದದೆ, ತೆಂಗಿನ ಮರದ ಸುಳಿ ಮಾತ್ರ ಕಾಣ್ತದೆ. ಇವತ್ತು ಮೋಡ ಕೆಂಪಗವೆ, ಮಧ್ಯಾಹ್ನಕ್ಕೆ ಮಳೆ ಆಗ್ಬೋದು. ಬೆಳ್ಳಕ್ಕಿ ಸಾಲು ಕೆರೆ ಕಡೆ ಹೊಂಟವೆ. ಒಂದು ದಿನ ಅವನು, ಕತ್ತಲಲ್ಲಿ ಬಸ್ಸು ತೆಗೆದು ಮೇಲುಕೋಟೆ ದಿಣ್ಣೆ ಹತ್ತುವಾಗ ಬೆಟ್ಟದ ಹಿಂದಿನಿಂದ ಹೊತ್ತು ಹುಟ್ಟುತ್ತಿದ್ದುದನ್ನು ಹೇಳಿದ. ಎಷ್ಟೋ ಬೆಳಗು ಒಬ್ಬನೇ ನೋಡಿದ್ದೆ, ಯಾರಿಗೂ ಹೇಳಿರಲಿಲ್ಲ ಎಂದ. ಮೂಗಮ್ಮ ಎಲ್ಲವನ್ನೂ ಕೇಳಿಸಿಕೊಂಡಳು. ಕಣ್ಣಿದ್ದಾಗ ಅವಳು ಬೆಳಗನ್ನು ಹೀಗೆ ನೋಡಿರಲಿಲ್ಲ. ಒಲೆ ಹಚ್ಚುವ ಅವಸರದಲ್ಲಿ ಅದು ಬಂದು ಹೋಗುತ್ತಿತ್ತು.

ಹುಂಜ ಮೊದಲು ಬಾಯಿ ಬಿಟ್ಟದ್ದು ಒಂದು ಮಟಮಟ ಮಧ್ಯಾಹ್ನ. ಗಂಟಲಲ್ಲಿ ಮುಳ್ಳು ಸಿಕ್ಕಿದಂತೆ ಒಂದು ಕೂಗು, ಅರ್ಧಕ್ಕೇ ಮುರಿಯಿತು. ದೇವರಾಜು ಬಿದ್ದು ಬಿದ್ದು ನಕ್ಕ. ಮೂಗಮ್ಮ ನಗಲಿಲ್ಲ. "ಕಲೀಲಿ ಬುಡು, ಯಾರೂ ಕಲ್ಸಿಲ್ಲ ಅದುಕ್ಕೆ," ಎಂದಳು. ದಿನಗಳೆದಂತೆ ಗಂಟಲು ತೆರೆಯಿತು. ಹಳೆಯ ಹುಂಜದಂತಲ್ಲ, ಗೋವಿಂದನಹಳ್ಳಿಯ ಕೆಂಪಿನಂತೆಯೂ ಅಲ್ಲ. ಸ್ವಲ್ಪ ಒಡಕು, ಕೊನೆಯಲ್ಲಿ ಪ್ರಶ್ನೆ ಕೇಳಿದಂತೆ ಮೇಲಕ್ಕೆ ಹೋಗುವ ದನಿ.

ಅಷ್ಟರಲ್ಲಿ ಅದು ಗೂಡು ಬಿಟ್ಟು ಹಳೆಯ ಹುಂಜದಂತೆ ರಾತ್ರಿ ನುಗ್ಗೆಮರ ಹತ್ತತೊಡಗಿತ್ತು. ಒಂದು ಬೆಳಿಗ್ಗೆ ಅದು ಮರದಿಂದ ಇಳಿಯುವ ಹೊತ್ತಿಗೆ ಸರಿಯಾಗಿ ಉದ್ದಕ್ಕೆ ಕೂಗಿತು. ಮೂಗಮ್ಮನಿಗೆ ಎಚ್ಚರವಾಗಿತ್ತು. ಬೆಳಕರಿಯಿತು ಎಂದು ತಿಳಿಯಿತು. ಎದ್ದು ಕೂರಬಹುದಿತ್ತು. ಅವಳು ಕೂರಲಿಲ್ಲ. ಪಕ್ಕದಲ್ಲಿ ತಿಮ್ಮರಾಜು ಏಳುವ ಸದ್ದು, ಚಪ್ಪಲಿಯ ಸದ್ದು, ಬಾಗಿಲ ಚಿಲಕದ ಸದ್ದು ಕೇಳುತ್ತ ಹಾಗೇ ಮಲಗಿದ್ದಳು. ಅವನು ಬಂದು ಕೈ ಮುಟ್ಟಿ, "ಬೆಳಗಾಯ್ತು ಕಣಮ್ಮಿ," ಎಂದಾಗ, "ಹೌದಾ ಮಾವ?" ಎಂದು ಎದ್ದಳು. ಹುಂಜ ಕೂಗಿದ್ದನ್ನು ಅವನೂ ಕೇಳಿದ್ದ. ಅವನೂ ಆ ಮಾತು ಎತ್ತಲಿಲ್ಲ.

ಕಾರ್ತಿಕ ಮಾಸದ ಹೊತ್ತಿಗೆ ಗೊಣಗಿ ಮರಿ ಎಬ್ಬಿಸಿತು. ಮೊಟ್ಟೆಯೊಳಗಿನ ಕೀಚಲು ದನಿಯನ್ನು ಮೂಗಮ್ಮ ಚಿಪ್ಪು ಒಡೆಯುವ ಮುಂಚಿನ ದಿನವೇ ಕಿವಿಗೊತ್ತಿ ಕೇಳಿದ್ದಳು. ಒಂದು ಹ್ಯಾಟೆ ಮರಿ ಸಿದ್ದಲಿಂಗಮ್ಮನದು ಎಂದು ಆಗಲೇ ಗೊತ್ತುಮಾಡಿದಳು. ಹುಂಜ ಮಾತ್ರ ಮರಿಗಳ ಹತ್ತಿರ ಹೆಚ್ಚು ಬರುತ್ತಿರಲಿಲ್ಲ, ಬೇಲಿಯ ಬಳಿ ನಿಂತಿರುತ್ತಿತ್ತು.

ಒಂದು ಬೆಳಿಗ್ಗೆ ಅವಳು ಹಿಂಬಾಗಿಲ ಮೆಟ್ಟಿಲ ಮೇಲೆ ಕೂತು ಮರಿಗಳಿಗೆ ನುಚ್ಚು ಹಾಕುತ್ತಿದ್ದಾಗ ಹುಂಜ ಒಂದು ಬಗೆಯ ಸದ್ದು ಮಾಡಿತು. ಕೂಗಲ್ಲ, ಗಂಟಲಾಳದಿಂದ ಎಳೆದ 'ಗುರ್‌ರ್‌ರ್'. ಹ್ಯಾಟೆಗಳು ಬೇಲಿಯ ಲಂಟಾನದೊಳಗೆ ನುಗ್ಗಿದವು. ಗೊಣಗಿ ಅತ್ತಕಡೆ ಎಲ್ಲೋ ಇತ್ತು, ಮರಿಗಳು ಇತ್ತ. ಮೂಗಮ್ಮ ಯೋಚಿಸಲಿಲ್ಲ, ಮುಂದಕ್ಕೆ ಬಗ್ಗಿ ಸೀರೆಯ ನೆರಿಗೆಯನ್ನು ಎರಡೂ ಕೈಯಲ್ಲಿ ಅಗಲಿಸಿ ಹಿಡಿದಳು. ಹತ್ತಿಯುಂಡೆಯಂಥ ಮರಿಗಳು ಒಂದರ ಹಿಂದೆ ಒಂದು ಅವಳ ಪಾದದ ಮೇಲೆ ಹತ್ತಿ ಒಳಗೆ ಸೇರಿಕೊಂಡವು. ತಲೆಯ ಮೇಲೆ ಗಾಳಿ ಸೀಳಿದಂತೆ ಏನೋ ಹಾದುಹೋಯಿತು.

ತಿಮ್ಮರಾಜು ಕಾಫಿ ಲೋಟ ಹಿಡಿದು ಬಂದ. "ಏಳು ಕಣಮ್ಮಿ, ಒಳಗ್ ಬಾ. ಕಾಫಿ."

"ಏಳಕ್ಕಾಗಕ್ಕಿಲ್ಲ ಮಾವ. ಸೀರೆ ಒಳಗೆ ಮರಿ ಅವೆ. ಮ್ಯಾಲೆ ನೋಡು, ಗಿಡುಗ ಓಯ್ತಾ?"

ಅವನು ಕಣ್ಣಿಗೆ ಕೈ ಅಡ್ಡ ಹಿಡಿದು ಆಕಾಶ ನೋಡಿದ. "ಇಲ್ಲ, ತೆಂಗಿನ ಮರದ ಮ್ಯಾಲೆ ಸುತ್ತು ಒಡೀತದೆ."

"ಅಂಗಾರೆ ಕೂತ್ಕೋ."

ಅವನು ಅವಳ ಪಕ್ಕ ಮೆಟ್ಟಿಲ ಮೇಲೆ ಕೂತು ಲೋಟವನ್ನು ಅವಳ ತುಟಿಗೆ ಹಿಡಿದ. ಅವಳ ಕೈ ಎರಡೂ ಸೀರೆಯಲ್ಲಿದ್ದವು. ಕಾಫಿ ಬಿಸಿಯಾಗಿತ್ತು, ಊದಿ ಊದಿ ಕುಡಿಸಿದ.